ಭೂತಯ್ಯನ ಬಲಗಾಲು

“ಸರಿಯಾಗಿ ತೊಳ್ಕೊಳೇ. ಹಿಮ್ಮಡಿ ಬಿರುಕಲ್ಲಿ ಸಗಣಿ ಇಟ್ಕೊಂಡು ನನ್ನ ಬೆನ್ನು ಹತ್ತೀಯಾ?”

ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಬೋರಲು ಬಿದ್ದಿದ್ದ ಚನ್ನಕೇಶವ ಕತ್ತನ್ನೂ ಎತ್ತದೆ ಬೈದ. ತೋಟದ ಯಜಮಾನ ಎರಡು ದಿನದಿಂದ ಸೊಂಟ ಹಿಡಿದುಕೊಂಡು ಜೀಪು ಹತ್ತಲಾರದೆ ಒದ್ದಾಡುತ್ತಿದ್ದ. ಅವನ ಹೆಂಡತಿ ಧನ್ಯಾ ಜಗ್ಗಿನಲ್ಲಿ ಮೇಲಿನಿಂದ ನೀರು ಹೊಯ್ಯುತ್ತಿದ್ದಳು, ಹನಿ ತನ್ನ ಕಾಲಿಗೆ ಸಿಡಿಯದಷ್ಟು ದೂರ ನಿಂತು. ಹೂವಮ್ಮ ಒಗೆಯುವ ಕಲ್ಲಿನ ಮೇಲೆ ಎಡಗಾಲಿನ ಹಿಮ್ಮಡಿ ತಿಕ್ಕುತ್ತಿದ್ದಳು. ಸೋಪು ಹಾಕಿದ್ದು ಇದು ಮೂರನೇ ಸಲ.

“ಇನ್ನೊಂದು ಚೂರು ಹಾಕ್ಕೊ ಹೂವಮ್ಮ, ಬೇಜಾರು ಮಾಡ್ಕೋಬೇಡ,” ಎಂದಳು ಧನ್ಯಾ. ಅವಳು ಯಾರಿಗೂ ದನಿ ಏರಿಸಿದವಳಲ್ಲ. “ಆಮೇಲೆ ಆ ಸೋಪು ನೀನೇ ಇಟ್ಕೊ. ವಾಪಸ್ ಕೊಡೋದು ಬೇಡ.”

ಹೂವಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಎಡಗಾಲು ತಾಗಿದರೆ ಹಿಡಿದ ಸೊಂಟ ಬಿಡುತ್ತದೆ, ಉಳುಕಿದ ಕತ್ತು ತಿರುಗುತ್ತದೆ ಎಂದು ಸುತ್ತಲಿನ ಮೂರು ಎಸ್ಟೇಟಿನವರೂ ನಂಬಿದ್ದರು. ಬರಿಹೊಟ್ಟೆಯಲ್ಲಿ ಮೂರು ಸಲ ಮೆಟ್ಟಬೇಕು. ಬರಿಮೈ ಮೇಲೆಯೇ ಮೆಟ್ಟಬೇಕು, ನಡುವೆ ಬಟ್ಟೆ ಇದ್ದರೆ ಹತ್ತುವುದಿಲ್ಲ. ಈ ತೋಟದಲ್ಲಿ ದುಡಿದ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಈ ಮನೆಯ ಹೊಸಿಲು ದಾಟದ ಕಾಲು ವರ್ಷಕ್ಕೆ ಎರಡು ಮೂರು ಬಾರಿ ಈ ಮನೆಯ ಯಜಮಾನನ ಬೆನ್ನೇರುತ್ತಿತ್ತು. ಇಳಿದ ಮೇಲೆ ಅವನಿಗೆ ಬಿಸಿನೀರಿನ ಸ್ನಾನ. ಚಾಪೆ ನಾಯಿಗೂಡಿಗೆ.

ಹೂವಮ್ಮ ಗೋಡೆ ಹಿಡಿಯುವಂತಿರಲಿಲ್ಲ, ಕಂಬ ಮುಟ್ಟುವಂತಿರಲಿಲ್ಲ. ಐವತ್ತು ದಾಟಿದ ಹೆಂಗಸು ಬಲಗಾಲ ಮೇಲೆ ತೂಗಾಡುತ್ತ ನಿಂತು, ಎಡಗಾಲನ್ನು ಅವನ ಸೊಂಟದ ಮೇಲಿಟ್ಟು ಮೆಲ್ಲಗೆ ಒತ್ತಿದಳು.

“ಹಾಂ... ಅಲ್ಲೇ. ನಿನ್ನ ಗಂಡನ್ನ ಮೆಟ್ಟಿದ ಹಾಗೆ ಮೆಟ್ಟಬೇಡ ಮತ್ತೆ,” ಎಂದು ಚನ್ನಕೇಶವ ಚಾಪೆಯೊಳಗೇ ನಕ್ಕ.

ಅಷ್ಟು ಹೊತ್ತಿಗೆ ಮೇಸ್ತ್ರಿ ಬಾಲರಾಜ್ ಕಾಫಿ ಗಿಡಗಳ ನಡುವಿನಿಂದ ಓಡಿಬಂದ. ಅವನ ಮೊಣಕೈ ಎಲ್ಲ ಮಣ್ಣು.

“ಅಯ್ಯಾ, ಭೂತಯ್ಯ ಬಿದ್ದ. ಐದನೇ ಬ್ಲಾಕಲ್ಲಿ. ಮೆಣಸಿನ ಏಣಿ ಗೂಟ ಮುರೀತು. ಕಾಲು ಊರಕ್ಕೇ ಆಗ್ತಿಲ್ಲ.”

ಭೂತಯ್ಯ ಹೂವಮ್ಮನ ಗಂಡ. ಅವಳು ಕಾಲು ಇಳಿಸಿ ಮೆಟ್ಟಿಲ ಕಡೆ ತಿರುಗಿದಳು.

“ಎಲ್ಲಿಗೆ?” ಎಂದ ಚನ್ನಕೇಶವ. “ಒಂದೇ ಆಗಿದ್ದು. ಇನ್ನೂ ಎರಡು ಬಾಕಿ ಇದೆ.”

“ಅಯ್ಯಾ, ನನ್ ಗಂಡ...”

“ಬಿದ್ದೋನು ಎದ್ದು ಓಡಿಹೋಗ್ತಾನಾ? ಅಲ್ಲೇ ಇರ್ತಾನೆ. ಅರ್ಧಕ್ಕೆ ಬಿಟ್ರೆ ಉಳುಕು ಒಳಗೆ ಸೇರ್ಕೊಳ್ತದೆ ಅಂತ ಊರಿಗೆಲ್ಲ ಹೇಳೋಳು ನೀನೇ ಅಲ್ವೇನೇ? ಮೆಟ್ಟು.”

ಅದು ಅವಳೇ ಹೇಳುತ್ತಿದ್ದ ಮಾತು. ತಿರುಗಿ ಬಂದು ಮೆಟ್ಟಿದಳು. ಮೂರನೆಯದಕ್ಕೆ ಅವಳ ಕಾಲು ತರತರ ನಡುಗುತ್ತಿತ್ತು. ಆ ನಡುಕವೂ ಹಿತವಾಯಿತೇನೋ, ಚನ್ನಕೇಶವ ಕಣ್ಣು ಮುಚ್ಚಿಕೊಂಡ.

*

ಭೂತಯ್ಯ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಬುಡದಲ್ಲಿ ಒಂದು ಪಕ್ಕಕ್ಕೆ ಬಿದ್ದಿದ್ದ. ನೈಲಾನ್ ಹಗ್ಗ ಸುತ್ತಿ ಸುತ್ತಿ ನಿಲ್ಲಿಸಿದ್ದ ಬಿದಿರಿನ ಏಣಿ ಅವನ ಮೇಲ್ಗಡೆ ಮರಕ್ಕೆ ಒರಗಿಯೇ ಇತ್ತು. ಹೆಗಲ ಚೀಲದ ಹಸಿ ಕಾಳುಮೆಣಸು ಸುತ್ತ ಚೆಲ್ಲಾಡಿತ್ತು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರು ಅವನ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ದೂರದಿಂದ ನೋಡಿದಾಗ ಅವನಿಗೆ ಉಪಚಾರ ಮಾಡುತ್ತಿದ್ದಾರೆ ಅನ್ನಿಸಿತು ಹೂವಮ್ಮನಿಗೆ. ಹತ್ತಿರ ಹೋದರೆ ಮೆಣಸು ಆರಿಸುತ್ತಿದ್ದರು.

“ಗೊಂಚಲು ಒಂದೂ ಬಿಡಬೇಡ್ರಿ. ತರಗಿನ ಅಡೀಲಿ ನೋಡ್ರಿ,” ಎನ್ನುತ್ತಿದ್ದ ತೋಟದ ಲೆಕ್ಕ ಬರೆಯುವ ರೈಟರ್ ಉಮೇಶ್. ಬಿ.ಕಾಂ. ಮುಗಿಸಿ ಬಂದ ಹುಡುಗ. ಮೊಬೈಲು ಕೈಯಿಂದ ಇಳಿಸುತ್ತಿರಲಿಲ್ಲ.

ಹೂವಮ್ಮ ಗಂಡನ ಪಕ್ಕ ಕೂತು ಪ್ಯಾಂಟು ಮೇಲಕ್ಕೆ ಸರಿಸಿದಳು. ಬಲಗಾಲು ಮೊಣಕಾಲಿನ ಕೆಳಗೆ ಆಗಲೇ ಬಿಗಿದುಕೊಂಡು ಹೊಳೆಯುತ್ತಿತ್ತು.

ಕಾಲು ಮುಂದಾಗಿ ಹುಟ್ಟಿದ್ದು ಊರಿನವರ ನಂಬಿಕೆಗೆ. ಅವಳ ನಿಜವಾದ ವಿದ್ಯೆ ಬೆರಳಿನಲ್ಲಿತ್ತು, ಅದನ್ನು ತಾಯಿ ಕಲಿಸಿದ್ದಳು. ಬರೀ ಪೆಟ್ಟಾಗಿದ್ದರೆ ನೋವು ಅಗಲವಾಗಿರುತ್ತದೆ. ಅಂಗೈಯಲ್ಲಿ ಒತ್ತಿದರೆ ಎಲ್ಲ ಕಡೆಯೂ ಅಷ್ಟಷ್ಟು ನೋಯುತ್ತದೆ, ಮಾರನೇ ದಿನ ನೇರಳೆ ಬಣ್ಣ ತಿರುಗಿ ವಾರದಲ್ಲಿ ಹಳದಿಯಾಗಿ ಹೋಗುತ್ತದೆ. ಉಳುಕಿದ್ದರೆ ನೋವು ಕೀಲಿನಲ್ಲಿ ಕೂತಿರುತ್ತದೆ. ಮೆಲ್ಲಗೆ ತಿರುಗಿಸಿ ನೋಡಿದರೆ ಮನುಷ್ಯ ಕೂಗುತ್ತಾನೆ, ಬೈಯುತ್ತಾನೆ, ಕೈ ತಳ್ಳುತ್ತಾನೆ. ಮುರಿದಿದ್ದರೆ ಒಂದೇ ಬೆರಳು ಸಾಕು. ಮೂಳೆಯ ಗುಂಟ ಬೆರಳು ಇಳಿಸುತ್ತ ಬಂದರೆ ಯಾವುದೋ ಒಂದು ಜಾಗದಲ್ಲಿ, ಕಡಲೆಕಾಳಿನಷ್ಟೇ ಜಾಗದಲ್ಲಿ, ಮನುಷ್ಯ ಸುಮ್ಮನಾಗಿಬಿಡುತ್ತಾನೆ. ಒಳಗೆ ಹೋದ ಉಸಿರು ಹೊರಗೆ ಬರುವುದಿಲ್ಲ.

ಮಂಡಿಚಿಪ್ಪಿನಿಂದ ಬೆರಳು ಇಳಿಸಿದಳು. ಮೂರು ಬೆರಳ ಅಗಲ ಕೆಳಗೆ ಭೂತಯ್ಯನ ಉಸಿರು ನಿಂತಿತು.

“ಬೆರಳಾಡ್ಸು ಭೂತಯ್ಯ,” ಎಂದ ಉಮೇಶ್ ನಿಂತಲ್ಲಿಂದಲೇ.

ಅದು ಆ ತೋಟದ ಪರೀಕ್ಷೆ. ಕೈಯಾಗಲಿ ಕಾಲಾಗಲಿ, ಬೆರಳು ಆಡಿದರೆ ಮೂಳೆ ಗಟ್ಟಿ, ಆಸ್ಪತ್ರೆ ಬೇಡ. ರೈಟರುಗಳು ಬದಲಾದರೂ ಪರೀಕ್ಷೆ ಬದಲಾಗಿರಲಿಲ್ಲ. ಭೂತಯ್ಯ ತನ್ನ ಕಾಲನ್ನು ನೋಡಲಿಲ್ಲ, ರೈಟರನ ಮುಖ ನೋಡಿದ. ಮೂವತ್ತು ವರ್ಷದಿಂದ ಹತ್ತು ಅಂದರೆ ಹತ್ತಿ, ಇಳಿ ಅಂದರೆ ಇಳಿದವನು. ಹಲ್ಲು ಕಚ್ಚಿ, ಹಣೆಯ ನರ ಉಬ್ಬಿಸಿಕೊಂಡು ಹೆಬ್ಬೆರಳನ್ನು ಒಂದಿಷ್ಟು ಎತ್ತಿಬಿಟ್ಟ.

“ಆಡ್ತು,” ಎಂದ ಉಮೇಶ್. “ಉಳುಕು.”

“ಅಲ್ಲ,” ಎಂದಳು ಹೂವಮ್ಮ. “ಮುರಿದೈತೆ.”

ಚನ್ನಕೇಶವ ಬಂದ. ಸ್ನಾನ ಮಾಡಿ, ತಲೆ ಬಾಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ಗಿಡಗಳ ನಡುವೆ ಸಲೀಸಾಗಿ ನಡೆದು ಬಂದ.

“ಎಂತ ಮಾರಾಯ?” ಎಂದು ಉಮೇಶನನ್ನು ಕೇಳಿದ.

“ಬೆರಳಾಡ್ತದೆ ಸಾರ್. ಈಯಮ್ಮ ಮುರಿದಿದೆ ಅಂತಾಳೆ.”

“ಅಯ್ಯಾ, ಜೀಪು ಕೊಡಿಸ್ರಿ,” ಎಂದು ಹೂವಮ್ಮ ಎದ್ದು ಕೈಮುಗಿದಳು. “ಮೂಡಿಗೆರೆಗೆ ಹಾಕ್ಕಂಡೋಗನ. ಕಾಲು ಕಲ್ಲಾಗ್ತಾ ಐತೆ.”

“ಆಸ್ಪತ್ರೆಗೆ ಹೋದ್ರೆ ಮೊದಲು ಎಂತ ಕೇಳ್ತಾರೆ ಗೊತ್ತುಂಟಾ? ಎಲ್ಲಿಂದ ಬಿದ್ದ ಅಂತ. ಬರ್ಕೊಳ್ತಾರೆ. ಸ್ಟೇಷನ್ನಿಗೆ ಕಳಿಸ್ತಾರೆ. ಹೋದ ವರ್ಷ ಇಂಥದ್ದೇ ಕೇಸಲ್ಲಿ ನಾನು ಪೊಲೀಸರ ಮುಂದೆ ಬೆಂಚಿನ ಮೇಲೆ ಕೂತದ್ದು ಸಾಕಾಗಿದೆ. ಉಳುಕಿಗೆಲ್ಲ ಆಸ್ಪತ್ರೆಗೆ ಓಡೋ ಹಾಗಿದ್ರೆ ನಿನ್ನ ಯಾಕೆ ಸಾಕಿದ್ದು?”

“ಉಳುಕಲ್ಲ ಅಯ್ಯಾ.”

ಚನ್ನಕೇಶವ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಮೆಣಸು ಆರಿಸುತ್ತಿದ್ದ ಹೆಂಗಸರ ಕಡೆ ತಿರುಗಿದ.

“ಲಲಿತಾ, ಬಾರೇ ಇಲ್ಲಿ. ಬಲಗೈ ತೋರ್ಸು.”

ಲಲಿತಾ ಎದ್ದು ಬಂದಳು. ಅವಳ ಮಣಿಕಟ್ಟು ಸೌಟಿನ ಹಾಗೆ ಬಾಗಿ ಕೂಡಿಕೊಂಡಿತ್ತು. ಎರಡು ವರ್ಷದಿಂದ ಅವಳಿಗೆ ಆ ಕೈಯಲ್ಲಿ ರೊಟ್ಟಿ ತಟ್ಟಲು, ಜಡೆ ಹೆಣೆಯಲು ಆಗುತ್ತಿರಲಿಲ್ಲ.

“ಇದನ್ನ ಎಳೆದೋರು ಯಾರು?”

ಲಲಿತಾ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

“ಉಳುಕು ಅಂದೋರು ಯಾರು? ನಾನಾ? ರೈಟರಾ? ಹೂವಿ. ಆವತ್ತು ನಿನ್ನ ಕೈ ಮುಟ್ಟಿ ಉಳುಕು ಅಂದ ಬಾಯಿ ಇವತ್ತು ತನ್ನ ಗಂಡ ಬಿದ್ದ ಕೂಡ್ಲೆ ಮುರಿದಿದೆ ಅಂತಿದೆ. ಎಂಥ ಹಲ್ಕಾ ಮುಂಡೆ ನೋಡು. ನೀವೆಲ್ಲ ಇವಳನ್ನ ನಂಬ್ಕೊಂಡು ಕೂತಿದೀರಿ.”

ಹೆಂಗಸರು ಮೆಣಸು ಆರಿಸುವುದು ಬಿಟ್ಟು ಹೂವಮ್ಮನನ್ನು ನೋಡಿದರು. ಅವಳು ನೆಲ ನೋಡಿದಳು. ಎರಡು ವರ್ಷದ ಹಿಂದೆ ಕಾಫಿ ಒಣಗಿಸುವ ಕಣದಲ್ಲಿ ಲಲಿತಾ ಜಾರಿ ಬಿದ್ದಾಗ ಮೂಳೆ ಮುರಿದದ್ದು ಹೂವಮ್ಮನ ಬೆರಳಿಗೆ ಗೊತ್ತಾಗಿತ್ತು. ಅದನ್ನು ಅವಳು ಹೇಳುವ ಮೊದಲೇ ಇದೇ ಚನ್ನಕೇಶವ ಅವಳನ್ನು ಹಿತ್ತಲಿಗೆ ಕರೆಸಿದ್ದ. ಹಣ್ಣು ಕುಯ್ಯುವ ಹೊತ್ತು, ಆಳು ಇಲ್ಲ, ಉಳುಕು ಅಂತ ಹೇಳಿ ಎಳೆದು ಕಟ್ಟು ಎಂದಿದ್ದ. ಧನ್ಯಾ ಹಳೇ ಸ್ವೆಟರೊಂದನ್ನು ಕೊಟ್ಟಿದ್ದಳು. ಹೂವಮ್ಮ ಉಳುಕು ಎಂದಿದ್ದಳು. ಎಳೆದಿದ್ದಳು. ಆ ಸ್ವೆಟರು ಈಗಲೂ ಅವಳ ಮೈಮೇಲಿತ್ತು.

“ಎಳಿ,” ಎಂದ ಚನ್ನಕೇಶವ. “ಅವಳ ಕೈ ಎಳೆದ ಹಾಗೇ ಇದನ್ನೂ ಎಳಿ.”

“ನಾ ಎಳೆಯಲ್ಲ.”

“ಎಂತ ಅಂದೆ?”

“ಎಳೆಯಲ್ಲ ಅಯ್ಯಾ. ಕೊಂದ್ರೂ ಎಳೆಯಲ್ಲ.”

“ನಿನ್ನ ಯಾವ ಬೋಳಿಮಗ ಕೊಲ್ತಾನೆ? ಬಾಲರಾಜ, ನೀನು ಹೆಗಲು ಹಿಡ್ಕೊ. ಉಮೇಶ, ಹಿಮ್ಮಡಿ ಹಿಡಿದು ಎಳಿ. ಒಂದೇ ಸಲಕ್ಕೆ ಎಳೀಬೇಕು.”

ಬಾಲರಾಜ್ ಲೈನ್ ಮನೆಯವನೇ. ಭೂತಯ್ಯನಿಗೆ ದೂರದ ಅಳಿಯನಾಗಬೇಕು. “ಮಾವ, ಒಂಚೂರು ತಡ್ಕೊ,” ಎಂದು ಕಿವಿಯಲ್ಲಿ ಹೇಳಿ ಹೆಗಲು ಒತ್ತಿಹಿಡಿದ. ಹೂವಮ್ಮ ಉಮೇಶನ ಕೈ ಹಿಡಿದು ತಡೆದಳು. ಅವನು ಅವಳನ್ನು ಮೊಣಕೈಯಲ್ಲಿ ನೂಕಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಎಳೆದ.

ಹಸಿ ಕೊಂಬೆ ಸೀಳಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಭೂತಯ್ಯ ಬಾಯಿ ತೆರೆದ. ದನಿ ಬರಲಿಲ್ಲ. ಪ್ಯಾಂಟು ಒದ್ದೆಯಾಯಿತು.

“ನೋಡ್ರಿ,” ಎಂದ ಚನ್ನಕೇಶವ ಹೆಂಗಸರಿಗೆ. “ಒಂದು ಕೂಗೂ ಇಲ್ಲ. ಮುರಿದಿದ್ರೆ ಕೂಗ್ತಿರ್ಲಿಲ್ವಾ ಬಡ್ಡಿಮಗ?”

ಏಣಿಯಿಂದ ನೈಲಾನ್ ಹಗ್ಗ ಬಿಚ್ಚಿ, ಎರಡು ಬಿದಿರ ದಬ್ಬೆ ಇಟ್ಟು, ಕಾಲನ್ನು ಮೆಣಸಿನ ಚೀಲದ ಬಾಯಿ ಬಿಗಿದಂತೆ ಬಿಗಿದು ಕಟ್ಟಿಸಿ ಅವನು ಹೊರಟುಹೋದ.

*

ಮಧ್ಯಾಹ್ನದ ಹೊತ್ತಿಗೆ ಪಾದ ತಣ್ಣಗಾಗಿತ್ತು.

ಲೈನ್ ಮನೆಗೆ ಹೊತ್ತು ತಂದ ಮೇಲೆ ಹೂವಮ್ಮ ಕಟ್ಟು ಬಿಚ್ಚಿ ಎಸೆದಿದ್ದಳು. ಹಗ್ಗದ ಗುರುತು ಮಾಂಸದೊಳಕ್ಕೆ ಇಳಿದಿತ್ತು. ಎಡ ಪಾದ ಮುಟ್ಟಿದರೆ ಬೆಚ್ಚಗೆ, ಬಲ ಪಾದ ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ಹಾಗೆ. ಸೀರೆಯ ಪಿನ್ನು ತೆಗೆದು ಕಿರುಬೆರಳಿಗೆ ಚುಚ್ಚಿದಳು.

“ಗೊತ್ತಾಯ್ತಾ?”

“ಏನು?” ಎಂದ ಭೂತಯ್ಯ.

ಇನ್ನೊಂದು ಬೆರಳಿಗೆ ಚುಚ್ಚಿದಳು. ಅವನು ಸೂರು ನೋಡುತ್ತಿದ್ದ. ಮುಖ ಬೆಳಿಗ್ಗೆಗಿಂತ ಗೆಲುವಾಗಿತ್ತು.

“ನೋವು ಇಳೀತಾ ಐತೆ ಕಣೇ. ಪಾದದಲ್ಲಿ ನೋವೇ ಇಲ್ಲ ಈಗ. ಸುಮ್ನೆ ಅಯ್ಯನ ಹತ್ರ ಬಾಯಿ ಮಾಡ್ದೆ ನೀನು. ಎಷ್ಟಾದ್ರೂ ಎಳೆದಿದ್ದು ಒಳ್ಳೇದಾಯ್ತು.”

ಅವಳು ಅವನ ಕಾಲಿಗೆ ಕಂಬಳಿ ಹೊದೆಸಿ ಬಂಗಲೆಗೆ ನಡೆದಳು. ಜೀಪು ಇರಲಿಲ್ಲ. ತೋಟದ ಹೋಮ್‌ಸ್ಟೇಗೆ ಬಂದವರನ್ನು ಕೂರಿಸಿಕೊಂಡು ಚನ್ನಕೇಶವ ದೇವರಮನೆ ಗುಡ್ಡ ತೋರಿಸಲು ಹೋಗಿದ್ದ. ಸೊಂಟ ಬಿಟ್ಟಿದ್ದರಿಂದ ಈಗ ಡ್ರೈವಿಂಗು ತಾನೇ ಮಾಡಬಹುದಿತ್ತು. ಧನ್ಯಾ ಹಿತ್ತಲ ಬಾಗಿಲಿಗೆ ಬಂದಳು.

“ಅಮ್ಮಾ, ಪಾದ ತಣ್ಣಗಾಗೈತೆ.”

“ತಣ್ಣಗಿದ್ರೆ ಒಳ್ಳೇದಲ್ವಾ ಹೂವಮ್ಮ? ಉಳುಕಿಗೆ ಎಲ್ಲರೂ ಐಸ್ ಇಡ್ತಾರೆ.” ಒಳಗೆ ಹೋಗಿ ಒಂದು ಸ್ಪ್ರೇ ಡಬ್ಬಿ, ಎರಡು ಮಾತ್ರೆ ತಂದು ಮೆಟ್ಟಿಲ ಮೇಲಿಟ್ಟಳು. “ನಮ್ಮ ಮಗಳು ದಿವ್ಯಾ ಸ್ಕೂಟಿಯಿಂದ ಬಿದ್ದಾಗ ಇದನ್ನೇ ಹೊಡೆದದ್ದು. ಎಷ್ಟು ಹೆದರಿದ್ವಿ ಗೊತ್ತಾ? ಆಗಲೇ ಕಾರಲ್ಲಿ ಮಂಗಳೂರಿಗೆ ಹಾಕ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ್ವಿ. ಬರೀ ಉಳುಕು, ಪುಣ್ಯ. ನೀನೂ ಹೆದರ್ಕೋಬೇಡ.”

“ಒಂದು ಗಾಡಿಗೆ ಫೋನ್ ಮಾಡ್ಕೊಡ್ರಿ ಅಮ್ಮಾ.”

“ಅವರು ಬರ್ಲಿ, ಹೇಳ್ತೀನಿ. ಅವರನ್ನ ಕೇಳದೆ ನಾನು ಎಂತ ಮಾಡ್ಲಿ ಹೇಳು.” ಧನ್ಯಾಳ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಬಾಗಿಲು ಹಾಕಿಕೊಂಡಳು.

ಗುಡ್ಡದಿಂದ ಇಳಿದುಬಂದ ಚನ್ನಕೇಶವ ನಾಳೆ ನೋಡುವ ಎಂದು ಉಮೇಶನ ಹತ್ತಿರ ಹೇಳಿ ಕಳಿಸಿದ.

ಕತ್ತಲಾಗುವ ಮುಂಚೆ ಲಲಿತಾ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

“ಭೂತಣ್ಣನ ಕಾಲು ನಿಜವಾಗ್ಲೂ ಮುರಿದೈತಾ?”

“ಹೂಂ.”

“ನನ್ ಕೈನೂ ಮುರಿದಿತ್ತಾ?”

ಹೂವಮ್ಮ ಒಲೆಯ ಕಡೆ ನೋಡಿದಳು. “ಹೂಂ.”

“ಆವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಲಲಿತಾ ಅಂಗಳಕ್ಕೆ ಉಗಿದು ಹೊರಟುಹೋದಳು.

ಬೆಳಕು ಹರಿಯುವಾಗ ಲೈನಿನ ಕೆಳಗಿನ ಮಣ್ಣುದಾರಿಯಲ್ಲಿ ಆಟೋದ ಸದ್ದಾಯಿತು. ಲಲಿತಾ ಡ್ರೈವರನ ಪಕ್ಕದಿಂದ ಇಳಿದಳು. ಇಬ್ಬನಿಯಲ್ಲಿ ಕೊಟ್ಟಿಗೆಹಾರದ ತನಕ ನಡೆದುಹೋಗಿ ಕರೆತಂದಿದ್ದಳು. ಭೂತಯ್ಯನ ಪಾದ ಆ ಹೊತ್ತಿಗೆ ಬೂದಿ ಬಣ್ಣ, ಬೆರಳ ತುದಿ ಕಪ್ಪು. ಅವನನ್ನು ಎತ್ತುವಾಗ ಹೂವಮ್ಮ ಏನೋ ಹೇಳಹೋದಳು.

“ಅಣ್ಣನಿಗೆ ತಂದಿದ್ದು,” ಎಂದಳು ಲಲಿತಾ. “ನಿಂಗಲ್ಲ.”

*

ಮೂಡಿಗೆರೆಯಲ್ಲಿ ನೋಡಿದವರು ಪಾದ ಮುಟ್ಟಿದ ಕೂಡಲೆ ಆಂಬುಲೆನ್ಸ್ ಕರೆದು ಚಿಕ್ಕಮಗಳೂರಿಗೆ ಕಳಿಸಿದರು. ಉಮೇಶ್ ಬೈಕಿನಲ್ಲಿ ಹಿಂದೆಯೇ ಬಂದ. ಬಂದವನೇ ಡಾಕ್ಟರ ಮುಂದೆ ಹೋಗಿ ನಿಂತು ತಾನೇ ಮಾತಾಡಿದ. “ಮನೇಲಿ ಬಚ್ಚಲಲ್ಲಿ ಜಾರಿದ್ದು ಮೇಡಂ. ಈಯಮ್ಮ ಅವರ ಹೆಂಡ್ತಿ. ಉಳುಕು ತೆಗೀತಾರೆ. ಅವರೇ ಎಳೆದು ಕಟ್ಟಿದಾರೆ.”

ಚಿಕ್ಕ ಪ್ರಾಯದ ಡಾಕ್ಟರಮ್ಮ ಹಗ್ಗದ ಗುರುತನ್ನು ನೋಡಿ ಹೂವಮ್ಮನ ಕಡೆ ತಿರುಗಿದಳು. ಕೋಪದಿಂದ ಅವಳ ತುಟಿ ಬಿಳುಚಿತ್ತು.

“ಮೂಳೆ ಮುರಿದು ರಕ್ತನಾಳ ಒತ್ತಿಹೋಗಿದೆ. ಅದರ ಮೇಲೆ ಎಳೆದು, ಹಗ್ಗ ಬಿಗಿದು... ಒಂದು ದಿನ ಪೂರ್ತಿ. ನಿನ್ನೆ ಮಧ್ಯಾಹ್ನದೊಳಗೆ ಬಂದಿದ್ರೆ ಈ ಕಾಲು ಉಳೀತಿತ್ತು. ಉಳುಕು ಯಾವುದು, ಮುರಿದದ್ದು ಯಾವುದು ಅಂತ ಗೊತ್ತಿಲ್ಲದ ಮೇಲೆ ಯಾಕಮ್ಮ ಮುಟ್ತೀರಿ? ನಿಮ್ಮಂಥೋರ ಕೈಗೆ ಸಿಕ್ಕಿ ಎಷ್ಟು ಜನ ಹೆಳವರಾಗಿದ್ದಾರೆ ಗೊತ್ತಾ?”

“ಒಬ್ಳು,” ಎಂದಳು ಹೂವಮ್ಮ. “ಒಬ್ಳಿಗೆ ನಾ ಮಾಡಿದೀನಿ. ಇದನ್ನ ಮಾಡಿದ್ದು ನಾನಲ್ಲ. ಮೆಣಸು ಕುಯ್ಯಕ್ಕೆ ಏಣಿ ಹತ್ತಿ ಬಿದ್ದಿದ್ದು, ನಿನ್ನೆ ಬೆಳಿಗ್ಗೆ. ಎಳೆದೋನು ಇವ್ನೇ. ಇಲ್ಲೇ ನಿಂತವ್ನೆ. ನಮ್ ಮನೇಲಿ ಬಚ್ಚಲೇ ಇಲ್ಲ ಮೇಡಂ.”

ಡಾಕ್ಟರಮ್ಮ ಉಮೇಶನನ್ನು ನೋಡಿದಳು. ಅವನು ಫೋನ್ ಕಿವಿಗಿಟ್ಟುಕೊಂಡು ಹೊರಗೆ ನಡೆದ. ಅವಳು ಏನನ್ನೋ ಬರೆದುಕೊಂಡಳು. ಏನು ಬರೆದಳೋ, ಹೂವಮ್ಮನಿಗೆ ಓದಲು ಬರುತ್ತಿರಲಿಲ್ಲ. ಇನ್ನೊಂದು ಹಾಳೆ ತಂದು ಒಪ್ಪಿಗೆಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವತ್ತು ಸಂಜೆ ಭೂತಯ್ಯನ ಬಲಗಾಲನ್ನು ಮೊಣಕಾಲಿನಿಂದ ತೆಗೆದರು.

ಮಾರನೇ ಬೆಳಿಗ್ಗೆ ಅವನಿಗೆ ಪೂರ್ತಿ ಎಚ್ಚರವಾಗಿತ್ತು. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ.

“ಹೆಬ್ಬೆರಳು ಆಡಿಸ್ತಾ ಇದೀನಿ ಕಣೇ,” ಎಂದ. “ನೋಡು. ಆಡ್ತೈತಾ?”

ಹೂವಮ್ಮ ಹೊದಿಕೆ ಸರಿಮಾಡಿದಳು. “ಮಲಗು.”

ಆಮೇಲೆ ಅವನೇ ಕೇಳಿದ. “ತೆಗೆದರಾ?”

“ಹೂಂ.”

“ಎಲ್ಲಿಟ್ರು?”

ವಾರ್ಡಿನ ಆಯಾ ಬಾಗಿಲಲ್ಲಿ ಕರೆಯುತ್ತಿದ್ದಳು. ಕಾಲನ್ನು ಮನೆಯವರು ತಗೊಂಡು ಹೋಗುತ್ತೀರಾ, ಇಲ್ಲ ನಾವೇ ಸುಡಲು ಕಳ್ಸೋದಾ ಎಂದು ಕೇಳುತ್ತಿದ್ದಳು. ತಗೊಂಡು ಹೋಗುವುದಾದರೆ ಇನ್ನೊಂದು ಹೆಬ್ಬೆಟ್ಟು.

“ಸುಡ್ಸಬೇಡ,” ಎಂದ ಭೂತಯ್ಯ. ಅವನು ಹೆಂಡತಿಯ ಕೈ ಹಿಡಿದುಕೊಂಡಿದ್ದು ಮದುವೆಯಾದ ಮೇಲೆ ಬಹುಶಃ ಇದೇ ಮೊದಲು. “ನಾ ಸತ್ತಾಗ ಅದು ಎಲ್ಲೈತೆ ಅಂತ ಗೊತ್ತಿರ್ಬೇಕು. ಮಣ್ಣಿಗೆ ಹಾಕು. ನಾಯಿ ಬಾಯಿಗೆ ಬೀಳಬಾರ್ದು. ಎಂಗಾದ್ರೂ ಮಾಡಿ ಮಣ್ಣಿಗೆ ಹಾಕು.”

*

ಹಳದಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟದ್ದನ್ನು ಅವಳು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಪಕ್ಕದ ಹಾಸಿಗೆಯವರ ಕಡೆಯವರಿಗೆ ಗಂಡನನ್ನು ನೋಡಿಕೊಳ್ಳಲು ಹೇಳಿ ಕೊಟ್ಟಿಗೆಹಾರದ ಬಸ್ಸು ಹತ್ತಿದಳು. ಕಂಡಕ್ಟರ್ ಅವಳ ಆಧಾರ್ ನೋಡಿ ಹೆಂಗಸರ ಸೊನ್ನೆ ಟಿಕೆಟು ಹರಿದುಕೊಟ್ಟ. ಪಕ್ಕದಲ್ಲಿ ಕೂತ ಹೆಂಗಸು ಮೂಗು ಅರಳಿಸಿ, “ಮೀನಾ? ಬಸ್ಸಲ್ಲಿ ಮೀನು ತರ್ತಾರೇನಮ್ಮ?” ಎಂದಳು. ಹೂವಮ್ಮ ಕಿಟಕಿಯ ಕಡೆ ತಿರುಗಿದಳು. ಮೂರು ಕಿಲೋ ಇರಬಹುದು. ಕೂಸಿನಷ್ಟು ಭಾರ.

ಕೊಟ್ಟಿಗೆಹಾರದಲ್ಲಿ ಇಳಿದು ನಡೆದು ತೋಟದ ಗೇಟಿಗೆ ಬಂದಾಗ ಹನ್ನೊಂದು ಗಂಟೆಯ ಬಿಸಿಲು. ಗೇಟಿನಲ್ಲಿ ಉಮೇಶ್ ಇದ್ದ, ಬಾಲರಾಜ್ ಇದ್ದ. ಅವಳ ಮಡಿಲಿನದು ಏನೆಂದು ಬಾಲರಾಜನಿಗೆ ಹೇಳದೆಯೇ ತಿಳಿಯಿತು. ಅವನು ಹಿಂದೆ ಸರಿದ.

“ಹಳ್ಳದ ಹತ್ರ ನಮ್ಮೋರ ಮಣ್ಣಲ್ಲಿ ಹಾಕ್ತೀನಿ,” ಎಂದಳು ಹೂವಮ್ಮ. ಲೈನಿನವರು ತಮ್ಮ ಹೆಣಗಳನ್ನು ಹೂಳುತ್ತಿದ್ದ ಜಾಗ ಅದು. ಅವಳ ತಾಯಿ ಅಲ್ಲಿದ್ದಳು, ಭೂತಯ್ಯನ ಅಪ್ಪ ಅಲ್ಲಿದ್ದ. ಕಳೆದ ವರ್ಷ ಚನ್ನಕೇಶವ ಅದಕ್ಕೆ ಬೇಲಿ ಎಳೆಸಿದ್ದ.

“ಅಲ್ಲಿ ಟೆಂಟ್ ಹಾಕಿದೆ, ಗೆಸ್ಟ್ ಇದಾರೆ,” ಎಂದ ಉಮೇಶ್. ಫೋನ್ ಮಾಡಿದ, ಆ ಕಡೆಯಿಂದ ಬಂದ ಮಾತು ಕೇಳಿಕೊಂಡ, ಇಟ್ಟ. “ತೋಟದೊಳಗೆ ಎಲ್ಲೂ ಬೇಡವಂತೆ. ಆಸ್ಪತ್ರೇಲಿ ಬೇರೆ ಏನೇನೋ ಹೇಳಿದೀಯಂತಲ್ಲ. ಶನಿವಾರದೊಳಗೆ ಲೈನ್ ಮನೆ ಖಾಲಿ ಮಾಡ್ಬೇಕಂತೆ. ಅದನ್ನ ಎಲ್ಲಾದ್ರೂ ಘಾಟಿ ಕಡೆ ಎಸೆದು ಬಾ.”

“ಎಸೀಲಾ?”

“ನಾನಲ್ಲ ಹೇಳಿದ್ದು. ಸಾರ್ ಹೇಳಿದ್ದು.”

ಹೂವಮ್ಮ ಅವನನ್ನು ದಾಟಿ ಒಳಗೆ ನಡೆದಳು. ಅವನು ತೋಳು ಹಿಡಿಯಲು ಕೈ ಚಾಚಿದವನು ಕಂಬಳಿಯ ಗಂಟು ತಾಗುತ್ತದೆಂದು ಕೈ ಹಿಂದಕ್ಕೆ ತೆಗೆದ. ಲೈನಿನವರು ಬಂಗಲೆಗೆ ಹೋಗುವುದು ಬಲಕ್ಕೆ ತಿರುಗಿ, ಕೊಟ್ಟಿಗೆ ಸುತ್ತಿ, ಹಿತ್ತಲಿಗೆ. ಅವಳು ತಿರುಗಲಿಲ್ಲ. ಜಲ್ಲಿ ಹಾಸಿದ ಕಾರಿನ ದಾರಿಯಲ್ಲಿ ನೇರ ನಡೆದು ಬಂಗಲೆಯ ಮುಂದಿನ ಹುಲ್ಲುಹಾಸಿಗೆ ಹೋದಳು.

ಹುಲ್ಲಿನ ಮೇಲೆ ಬಿಳಿ ಕುರ್ಚಿ ಹಾಕಿಕೊಂಡು ನಾಲ್ಕು ಜನ ಕಾಫಿ ಕುಡಿಯುತ್ತಿದ್ದರು. ಗುಲಾಬಿ ಪಾತಿಯ ಅಂಚಿನಲ್ಲಿ ಗುದ್ದಲಿಯೊಂದು ಬಿದ್ದಿತ್ತು. ಹೂವಮ್ಮ ಗಂಟನ್ನು ಮೆಲ್ಲಗೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲುಹಾಸಿನ ನಟ್ಟನಡುವೆ ಅಗೆಯಲು ಶುರುಮಾಡಿದಳು. ಗಿಡ ನೆಡಲು ಬಂದವಳು ಎಂದುಕೊಂಡರೋ ಏನೋ, ಕಾಫಿ ಕುಡಿಯುತ್ತಿದ್ದ ಹೆಂಗಸು ಮೊಬೈಲಿನಲ್ಲಿ ಅವಳ ಫೋಟೋ ತೆಗೆದಳು.

ಮೊಣಕಾಲಷ್ಟು ಆಳವಾಯಿತು. ಯಾರೋ ಎದುರಿಗೆ ಬಂದು ಕುಕ್ಕರಿಸಿ ಗುಂಡಿಯಿಂದ ಮಣ್ಣು ಮೊಗೆಯತೊಡಗಿದರು, ಒಂದೇ ಕೈಯಲ್ಲಿ, ಎಡಗೈಯಲ್ಲಿ. ಹೂವಮ್ಮ ತಲೆ ಎತ್ತಲಿಲ್ಲ. ಲಲಿತಾ ಮೊಗೆಯುತ್ತಲೇ ಇದ್ದಳು.

ಹೂವಮ್ಮ ಕಂಬಳಿ ಬಿಚ್ಚಿದಳು. ಹಳದಿ ಪ್ಲಾಸ್ಟಿಕ್ಕು ಬಿಚ್ಚಿದಳು. ಫೋಟೋ ತೆಗೆದ ಹೆಂಗಸು ಎದ್ದು ನಿಂತ ರಭಸಕ್ಕೆ ಕುರ್ಚಿ ಮಗುಚಿತು. ಹೂವಮ್ಮ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಪಾದ ಕೆಳಗಾಗದಂತೆ ಅಡ್ಡ ಮಲಗಿಸಿ, ಮೇಲೆ ಮಣ್ಣೆಳೆದಳು.

“ಏಯ್, ಎಂತ ಹೂಳ್ತಿದೀಯೇ ಅಲ್ಲಿ?” ಚನ್ನಕೇಶವ ಬರಿಗಾಲಲ್ಲಿ ಓಡಿಬಂದ. ಹಿಂದೆ ಬಾಗಿಲಲ್ಲಿ ಧನ್ಯಾ.

“ಕಾಲು,” ಎಂದಳು ಹೂವಮ್ಮ.

“ಯಾರ ಕಾಲು?”

“ನಿಮ್ ಮರ ಹತ್ತಿ ಇಳಿದಿದ್ದು. ಇನ್ನು ಹತ್ತಲ್ಲ.”

ಬಂದವರಲ್ಲಿ ಒಬ್ಬ ಗಿಡದ ಬುಡದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಉಳಿದವರು ಕಾರಿನ ಕಡೆ ಓಡಿದರು. ಚನ್ನಕೇಶವನ ಮುಖ ಕೆಂಪಾಗಿ, ಕಪ್ಪಾಗಿ, ದನಿ ಒಡೆಯಿತು.

“ಬಾಲರಾಜಾ, ಹೊರಗೆ ತೆಗೆಯೋ ಅದನ್ನ.”

ಗೇಟಿನಿಂದ ಹಿಂದೆಯೇ ಬಂದಿದ್ದ ಬಾಲರಾಜ್ ಗುಂಡಿಯ ಹತ್ತಿರ ಬಂದ. ಸುತ್ತ ಉಳಿದಿದ್ದ ಮಣ್ಣನ್ನು ನೋಡಿದ. ಎರಡೂ ಕೈಯಲ್ಲಿ ಅದನ್ನು ಗುಂಡಿಯೊಳಕ್ಕೆ ತಳ್ಳಿದ. ಇನ್ನೊಮ್ಮೆ ತಳ್ಳಿದ. ಮಣ್ಣು ನೆಲದ ಮಟ್ಟಕ್ಕೆ ಬರುವ ತನಕ ತಳ್ಳಿ, ಕೈ ಒರೆಸಿಕೊಂಡು, ಲಲಿತಾಳ ಪಕ್ಕ ಹೋಗಿ ನಿಂತ.

“ಉಮೇಶ...”

ಉಮೇಶ್ ಅಲ್ಲಾಡಲಿಲ್ಲ.

“ತೆಗೀರೋ ಯಾರಾದ್ರೂ. ಸೂಳೆಮಕ್ಕಳಾ, ಮನೆ ಮುಂದೆ ಹೆಣ ಹಾಕಿದಾಳೆ, ನೋಡ್ಕೊಂಡು ನಿಂತಿದೀರಲ್ಲ.”

ಹೂವಮ್ಮ ಮಣ್ಣಿನ ಪಕ್ಕದಲ್ಲೇ ಕಾಲು ನೀಡಿಕೊಂಡು ಕೂತಳು. ಗುದ್ದಲಿಯನ್ನು ಹುಲ್ಲಿನ ಮೇಲೆ ಅವನ ಪಾದದ ತನಕ ಸರಿಸಿದಳು.

“ನೀವೇ ತೆಗೀರಿ ಅಯ್ಯಾ.”

ಚನ್ನಕೇಶವ ಗುದ್ದಲಿಯನ್ನು ನೋಡಿದ. ಅದರ ಹಿಡಿ ಅವಳ ಕೈಯ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು.